ಮದುವೆ ಕ್ಯಾಸೆಟ್ಟಿನ ಕಾರ್ಡು

“ಇದರಲ್ಲಿ ಏನ್ ರೆಕಾರ್ಡ್ ಮಾಡ್ತೀರಾ ಸಾರ್?” ಎಂದು ಅಂಗಡಿಯವರು ಕೇಳುವುದಕ್ಕೂ ನಮ್ಮ ಶಾಲೆಯ ಹೆಡ್‌ಮಾಸ್ಟರು ಪ್ರಿಂಟರ್ ಇಂಕ್ ಕೊಳ್ಳಲು ಒಳಗೆ ಬರುವುದಕ್ಕೂ ಸರಿಹೋಯಿತು. ಬಸವನಗುಡಿಯ ಆ ಕಂಪ್ಯೂಟರ್ ಅಂಗಡಿಗೆ ನಾನು ಹೋಗಿದ್ದು, ಟಿವಿಗೆ ಬರುವ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಡಿಯೊ ಕ್ಯಾಪ್ಚರ್ ಕಾರ್ಡ್ ಕೊಳ್ಳಲು. ಟಿವಿಗೆ ಸಿಕ್ಕಿಸಿ ಆಡುವ ಕಾರ್ ರೇಸ್ ಗೇಮಿನಲ್ಲಿ ನಾನು ಗೆಲ್ಲುತ್ತೇನೆಂದರೆ ನನ್ನ ಭಾವಮೈದುನ ನಂಬುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಅವನಿಗೆ ತೋರಿಸಬೇಕಿತ್ತು. ಆದರೆ ವಿಡಿಯೊ ಗೇಮ್ ಆಡುವವರು ಉದ್ಧಾರವಾಗುವುದಿಲ್ಲ ಎಂದು ಹಿಂದಿನ ವಾರವಷ್ಟೇ ಪೋಷಕರ ಸಭೆಯಲ್ಲಿ ಭಾಷಣ ಬಿಗಿದ ಮೇಷ್ಟ್ರು ನಾನೇ.

“ನಮ್ಮ ಮದುವೆ ಕ್ಯಾಸೆಟ್ಟು” ಎಂದುಬಿಟ್ಟೆ.

ಅಂಗಡಿಯವರು ಕೈಯಲ್ಲಿದ್ದ ಒಳ್ಳೆಯ ಕಾರ್ಡನ್ನು ಒಳಗಿಟ್ಟು, ಅಗ್ಗದ್ದೊಂದನ್ನು ತೆಗೆದರು. “ಹಾಗಾದ್ರೆ ಇದೇ ಸಾಕು ಸಾರ್. ಚಿತ್ರ ಒಂದ್ ಸೆಕೆಂಡ್ ಲೇಟಾಗಿ ಬರತ್ತೆ, ಗೇಮ್‌ಗಾದ್ರೆ ಆಗಲ್ಲ. ತಾಳಿ ಒಂದ್ ಸೆಕೆಂಡ್ ಲೇಟಾಗಿ ಕಟ್ಟಿದ್ರೆ ಯಾರಿಗೇನು?”

ಹೆಡ್‌ಮಾಸ್ಟರ ಮುಖ ಅರಳಿತು. “ನಮ್ಮ ಮಗಳ ಮದುವೇದೂ ನಾಲ್ಕು ಕ್ಯಾಸೆಟ್ ಇದೆ ಮೇಷ್ಟ್ರೇ, ನಾಳೆ ತಂದ್ಕೊಡ್ತೀನಿ!”

ತಂದೇಬಿಟ್ಟರು. ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿದ ಮೇಲೆ ಉಳಿದವರೂ ಚೀಲ ಹಿಡಿದು ಬಂದರು. ನಾನು ಆಡಿದ್ದು ಒಂದೇ ಒಂದು ರೇಸು. ಗೇಮಿನ ವೈರನ್ನು ಟಿವಿಯ ಬದಲು ಕಾರ್ಡಿಗೆ ಸಿಕ್ಕಿಸಿದ್ದರಿಂದ ಕಂಪ್ಯೂಟರ್ ಪರದೆ ನೋಡಿಯೇ ಆಡಬೇಕಿತ್ತು; ಅದರ ಮೇಲೆ ತಿರುವು ಕಾಣಿಸುವಷ್ಟರಲ್ಲಿ ಕಾರು ಗೋಡೆಗೆ ಗುದ್ದಿ ಆಗಿರುತ್ತಿತ್ತು.

ಭಾವಮೈದುನ ಇನ್ನೂ ನಂಬಿಲ್ಲ. ಯಾರ ಮದುವೆಯಲ್ಲಿ ಯಾವ ಬೀಗರು ಊಟ ಬಿಟ್ಟು ಎದ್ದರೆಂಬುದು ಮಾತ್ರ ನನಗೆ ಬಾಯಿಪಾಠವಾಗಿದೆ. ನಿಮ್ಮ ಮದುವೆಯ ಕ್ಯಾಸೆಟ್ ಯಾವಾಗ ತೋರಿಸುತ್ತೀರಿ ಎಂದು ಹೆಡ್‌ಮಾಸ್ಟರು ಸಿಕ್ಕಾಗಲೆಲ್ಲ ಕೇಳುತ್ತಾರೆ. ನಮ್ಮ ಮದುವೆಗೆ ನಾವು ವಿಡಿಯೊ ತೆಗೆಸಿಯೇ ಇರಲಿಲ್ಲ.