ಡನ್‌ಡಾಕಿಗೆ ಒಯ್ದ ಕ್ಷಮಾಪಣೆ ಪತ್ರ

ಐರ್ಲೆಂಡಿನ ಡಬ್ಲಿನ್ ಹೊರವಲಯದ ಟಾಲಾದಲ್ಲಿ ಬೆಳಿಗ್ಗೆ ಟ್ರಾಮ್ ಹತ್ತಿದಾಗ ನನ್ನ ಜೊತೆ ಇದ್ದವರು ಮೂವರೇ, ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು. ಕೊರೊನಾ ಲಾಕ್‌ಡೌನಿನ ಚಳಿಗಾಲ. ಮನೆಯಿಂದ ಐದು ಕಿಲೋಮೀಟರ್ ದಾಟಲು ತಕ್ಕ ಕಾರಣ ತೋರಿಸಬೇಕಿತ್ತು. ನನ್ನ ಚೀಲದಲ್ಲಿ ಕಚೇರಿಯ ಅನುಮತಿ ಪತ್ರವಿತ್ತು. ಅದಕ್ಕಿಂತ ಜೋಪಾನವಾಗಿ, ಪ್ಲಾಸ್ಟಿಕ್ ಫೈಲಿನೊಳಗೆ, ಒಂದು ಆಸ್ಪತ್ರೆಯ ಪತ್ರವಿತ್ತು.

ಕಾನಲಿ ರೈಲು ಸ್ಟೇಷನ್ನಿನಲ್ಲಿ ನನ್ನ ಸೀನಿಯರ್ ಫರ್ಗಲ್ ಕಾಯುತ್ತಿದ್ದರು. ಮೂವತ್ತು ವರ್ಷ ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳನ್ನೇ ನಡೆಸಿದವರು, ಇನ್ನೊಂದು ತಿಂಗಳಿಗೆ ನಿವೃತ್ತರಾಗುವವರು. ಮೇನೂತ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಬಂದ ನನಗೆ ಹೆರಿಗೆ ವಾರ್ಡಿನ ದಾಖಲೆ ಓದುವುದನ್ನು ಕಲಿಸಿದ್ದು ಅವರು. "ಬರೆದದ್ದು ಆಮೇಲೆ, ಯಾವ ಗಂಟೆಯಲ್ಲಿ ಏನೂ ಬರೆದಿಲ್ಲ ಅಂತ ಮೊದಲು ನೋಡು" ಎನ್ನುತ್ತಿದ್ದರು.

ನಾವು ಹೊರಟಿದ್ದು ಡನ್‌ಡಾಕ್ ಊರಿನಲ್ಲಿ ನೆಲೆಸಿದ್ದ ನಮ್ಮ ಕಕ್ಷಿಗಾರ್ತಿ, ಮೈಸೂರಿನ ಸುಧಾ ಅವರ ಮನೆಗೆ. ಏಳು ವರ್ಷದ ಮಗಳು ಅನ್ವಿಗೆ ಹುಟ್ಟುವಾಗಲೇ ಭುಜದ ನರಕ್ಕೆ ಪೆಟ್ಟಾಗಿ ಬಲಗೈ ಮೇಲೇಳುತ್ತಿರಲಿಲ್ಲ. ಆಸ್ಪತ್ರೆ ಪರಿಹಾರಕ್ಕೆ ಒಪ್ಪಿದ್ದರೂ ಸುಧಾ ರಾಜಿಗೆ ಸಹಿ ಹಾಕಿರಲಿಲ್ಲ. ತಪ್ಪು ಯಾರದೆಂದು ಬರೆದುಕೊಡಲಿ ಎಂದು ಹಟ ಹಿಡಿದಿದ್ದರು. ಆಸ್ಪತ್ರೆಯ ಎರಡು ಕ್ಷಮಾಪಣೆ ಪತ್ರಗಳನ್ನು ಹಿಂದಿರುಗಿಸಿದ್ದರು. ಇದು ಮೂರನೆಯದು. ಇದೂ ಬೇಡವೆಂದರೆ ವಿಚಾರಣೆಯೇ ಗತಿ, ಕೋರ್ಟು ನೋಡಿದರೆ ಅರ್ಧ ಮುಚ್ಚಿತ್ತು.

"ಇಂಥದ್ದನ್ನ ಈಮೇಲ್‌ನಲ್ಲಿ ಕಳಿಸಬಾರದು" ಎಂದು ಫರ್ಗಲ್ ತಾವೇ ಹೊರಟಿದ್ದರು.

ರೈಲು ಸುಮಾರು ಒಂದು ಗಂಟೆಯ ದಾರಿ. ಮಾಸ್ಕ್ ಹಾಕಿಕೊಂಡು ದೂರದೂರ ಕೂತೆವು. ಕಡಲ ನೀರು ಇಳಿದು ಕೆಸರು ಹೊಳೆಯುತ್ತಿತ್ತು. ಫರ್ಗಲ್ ತಾವು ಸೋತ ಮೊದಲ ದಾವೆಯ ಕಥೆ ಹೇಳಿದರು. ತೀರ್ಪಿನ ದಿನ ಕಕ್ಷಿಗಾರಳೇ ಇವರಿಗೆ ಚಹಾ ಕೊಡಿಸಿ ಸಮಾಧಾನ ಮಾಡಿದ್ದಳಂತೆ.

ಡನ್‌ಡಾಕಿನಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸ್ಟೇಷನ್ನಿನಲ್ಲಿ ಪೊಲೀಸರು ಅನುಮತಿ ಪತ್ರ ಓದಿ "ಗ್ರ್ಯಾಂಡ್", ಅಂದರೆ ಸರಿ, ಎಂದು ಬಿಟ್ಟರು. ಮನೆಯೊಳಗೆ ಹೋಗುವಂತಿರಲಿಲ್ಲ. ಹಿತ್ತಲಿನಲ್ಲಿ ಸುಧಾ ದೂರದೂರಕ್ಕೆ ಕುರ್ಚಿ ಹಾಕಿದ್ದರು.

"ಮೊದಲು ಉಪ್ಪಿಟ್ಟು ತಿನ್ನಿ ಮೇಡಂ, ಆರೋಗತ್ತೆ" ಎಂದರು. ಆದರೆ ಅವರ ಕಣ್ಣು ಫೈಲಿನ ಮೇಲಿತ್ತು.

ಪತ್ರ ಕೊಟ್ಟೆ. ಒಂದು ಸಲ ಓದಿದರು, ಮತ್ತೆ ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದೊಂದನ್ನ ಕನ್ನಡದಲ್ಲಿ ಹೇಳ್ತೀರಾ?"

"ಹೆರಿಗೆಯ ಸಮಯದಲ್ಲಿ ತಾಯಿಯ ಕಡೆಯಿಂದ ಯಾವ ಲೋಪವೂ ಆಗಿರಲಿಲ್ಲ" ಎಂದು ಓದಿದೆ.

"ಹೆರೋವಾಗ ಸರಿಯಾಗಿ ಮುಕ್ಕರೀಲಿಲ್ಲ ನೀನು ಅಂತ ಅವತ್ತು ಆಸ್ಪತ್ರೇಲೇ ಒಬ್ರು ಅಂದಿದ್ರು. ಇಷ್ಟ್ ವರ್ಷ ಅವಳಿಗೆ ಬಟ್ಟೆ ಹಾಕೋವಾಗೆಲ್ಲ ಅದೇ ನೆನಪಾಗ್ತಿತ್ತು" ಎಂದರು ಸುಧಾ.

ಬಾಗಿಲಲ್ಲಿ ನಿಂತ ಅನ್ವಿ, "ಮ್ಯಾಮಿ, ಆರ್ ಯು ಓಕೆ?" ಎಂದಳು.

"ಓಕೆ ಕಂದಾ." ಸುಧಾ ನನ್ನ ಕಡೆ ತಿರುಗಿದರು. "ಸೈನ್ ಎಲ್ಲಿ ಹಾಕ್ಬೇಕು?"

ನಾವು ಗೇಟು ದಾಟುವಷ್ಟರಲ್ಲಿ ಅವರು ಮೈಸೂರಿಗೆ ಫೋನ್ ಹಚ್ಚಿದ್ದರು. "ಅಮ್ಮಾ, ನನ್ ತಪ್ಪಲ್ವಂತೆ. ಬರ್ದು ಕೊಟ್ಟಿದಾರೆ."

"ಏನಂತಾಳೆ?" ಎಂದು ಫರ್ಗಲ್ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ಅವರು ಕಚೇರಿಗೆ ಬರಲಿಲ್ಲ. ನಿವೃತ್ತಿಯ ದಿನದವರೆಗೆ ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಬರೆದು ಕಳಿಸಿದ್ದರು; ಅದೇ ಅವರ ಕೊನೆಯ ಕೇಸು. ಆಮೇಲೆ ಎಷ್ಟೋ ಕೇಸುಗಳಿಗಾಗಿ ಆ ರೈಲಿನಲ್ಲಿ ಒಬ್ಬಳೇ ಹೋಗಿದ್ದೇನೆ. ಹಿಂದಿರುಗುವಾಗ, ಯಾರಿಗೋ ಅಂಥ ಒಂದು ಸಾಲು ಸಿಕ್ಕ ದಿನ, ಎದುರಿನ ಖಾಲಿ ಸೀಟಿನಲ್ಲಿ ಫರ್ಗಲ್ ಇದ್ದಾರೆಂಬಂತೆ ಅದನ್ನು ಹೇಳಬೇಕೆನಿಸುತ್ತದೆ.