ಎಪ್ಪತ್ತರಲ್ಲಿ ಮೂವತ್ತಾರು ದಾರಿ

"ಅಮ್ಮಾ, ಮುಚ್ಚಳದಜ್ಜ ಬೀದಿ ಕೂಡೋ ಕಡೆಯೆಲ್ಲ ಅಂಕಿ ಬರೀತಾರಲ್ಲ, ನಮ್ಮನೆ ಮುಂದೆ ಯಾಕೆ ಬರೀ ಒಂದು?"

ಶಾಲೆಯ ಚೀಲ ಇಳಿಸುತ್ತ ಮಗಳು ಕೇಳಿದಾಗ ತಾಯಿ ಉಕ್ಕುತ್ತಿದ್ದ ಹಾಲಿನ ಮೇಲೆ ಕಣ್ಣಿಟ್ಟಿದ್ದಳು. "ನಂಗೇನು ಗೊತ್ತು" ಎಂದು ಜಾರಿಕೊಳ್ಳಬಹುದಿತ್ತು. ಆದರೆ ಒಂದು ವಾರದಿಂದ ಆ ಸುಣ್ಣದ ಅಂಕಿಗಳು ಅವಳನ್ನೂ ಕಾಡುತ್ತಿದ್ದವು.

ಮುಚ್ಚಳದಜ್ಜ ಎದುರು ಮನೆಯವರು. ಮೂವತ್ತೆರಡು ವರ್ಷ ಊರಿನ ಒಳಚರಂಡಿ ನೋಡಿಕೊಂಡವರು. ಬೀದಿಯ ಕಬ್ಬಿಣದ ಮುಚ್ಚಳದ ಮೇಲೆ ಸರಳು ಊರಿ, ಮೇಲಿನ ತುದಿಗೆ ಕಿವಿಗೊಟ್ಟು, ಕೆಳಗೆ ನೀರು ಸರಾಗವಾಗಿದೆಯೋ ಕಟ್ಟಿದೆಯೋ ಹೇಳುತ್ತಿದ್ದರು. ನಿವೃತ್ತಿಯಾದರೂ ಸರಳು ಬಿಡಲಿಲ್ಲ. "ಒಂಟಿ ಮನುಷ್ಯ, ಯಾರ ಮಾತಿಗಾದ್ರೂ ಕಿವಿಗೊಡಬೇಕಲ್ಲ" ಎಂದು ಅಂಗಡಿಯವನು ಆಡಿಕೊಳ್ಳುತ್ತಿದ್ದ.

ಸಂಜೆ ತಾಯಿ ಮಗಳನ್ನು ಕರೆದುಕೊಂಡು ಬಾಗಿಲಾಚೆ ಬಂದಳು. ಅಜ್ಜ ಮಂಡಿಯೂರಿ, ಮಾಸಿದ ಒಂದನ್ನು ತಿದ್ದುತ್ತಿದ್ದರು.

"ಏನಜ್ಜಾ, ನಮಗೆ ಒಂದೇ ಅಂಕ ಕೊಟ್ಟಿದೀರಂತೆ. ಇವಳಿಗೆ ಬೇಜಾರು," ಎಂದು ತಾಯಿ ಗಟ್ಟಿಯಾಗಿ ಹೇಳಿದಳು. ಈಚೆಗೆ ಅವರೊಡನೆ ಗಟ್ಟಿಯಾಗಿಯೇ ಮಾತಾಡಬೇಕಿತ್ತು.

"ಎಲ್ಲ ಇಲ್ಲಿಂದಲೇ ಶುರು ಕಣಮ್ಮ," ಎಂದು ಅಜ್ಜ ನೆಲದ ಮೇಲೆ ಗೀಚತೊಡಗಿದರು. ಇಲ್ಲಿಂದ ಶಾಲೆಗೆ ಅಡ್ಡಕ್ಕೆ ನಾಲ್ಕು ಬೀದಿ, ಕೆಳಕ್ಕೆ ನಾಲ್ಕು. ಹಿಂದಕ್ಕೆ ತಿರುಗದೆ ಹೋಗುವುದಾದರೆ ಯಾವ ಚೌಕಕ್ಕೂ ಬರುವುದು ಮೇಲಿನಿಂದ, ಇಲ್ಲವೇ ಪಕ್ಕದಿಂದ. ಆ ಎರಡು ಚೌಕದ ಅಂಕಿ ಕೂಡಿಸಿದರೆ ಈ ಚೌಕಕ್ಕೆ ಬರುವ ದಾರಿಗಳ ಲೆಕ್ಕ. ತುದಿಯಲ್ಲಿ ಒಂದು. ಅದರ ಕೆಳಗೆ ಒಂದು, ಒಂದು. ಆಮೇಲೆ ಒಂದು, ಎರಡು, ಒಂದು. ಸಾಲಿನ ಕೆಳಗೆ ಸಾಲು ಅಗಲವಾಗುತ್ತ ಹೋಯಿತು.

"ಮೂರೂ ಮೂರೂ ಆರು," ಎಂದು ಮಗಳು ಅವರಿಗಿಂತ ಮುಂಚೆ ಹೇಳಿದಳು.

"ಜಾಣೆ. ಹೀಗೇ ಕೂಡಿಸ್ತಾ ಹೋದ್ರೆ ಶಾಲೆ ಬಾಗಿಲಿಗೆ ಎಪ್ಪತ್ತು."

"ಎಪ್ಪತ್ತಾ? ನಾವೆಲ್ಲ ನಡುವಿನ ಚೌಕದ ಮೇಲೇ ಹೋಗೋದು. ಅಲ್ಲಿ ಒಂದು ಕಲ್ಲಿದೆ ಅಜ್ಜ, ಕುಣಿದ್ರೆ ಡುಬ್ ಡುಬ್ ಅನ್ನುತ್ತೆ. ದಿನಾ ಸರದಿ ಮೇಲೆ ಕುಣೀತೀವಿ."

ಅಜ್ಜನ ಕೈಯ ಸುಣ್ಣದ ಕಡ್ಡಿ ನಿಂತಿತು. ಹುಡುಗಿಯ ತಲೆ ಸವರಿ, "ಹೋಗು ಪುಟ್ಟಿ, ಹಾಲು ಕುಡಿ," ಎಂದರು. ಅವಳು ಒಳಗೆ ಹೋಗುವವರೆಗೆ ಕಾದರು.

"ನಡುವಿನ ಚೌಕಕ್ಕೆ ಬರೋದು ಆರು ದಾರಿ. ಅಲ್ಲಿಂದ ಶಾಲೆಗೆ ಆರು. ಆರಾರ್ಲ ಮೂವತ್ತಾರು. ಅರ್ಧಕ್ಕಿಂತ ಹೆಚ್ಚು ದಾರಿ ಅಲ್ಲೇ ಹಾಯ್ತವೆ. ಕೆಳಗೆ ಮಣ್ಣಿಲ್ಲ ಅಂತ ನನಗೆ ಅನುಮಾನ."

"ಕಚೇರಿಗೆ ಹೇಳಿದ್ರಾ?"

"ನಾಲ್ಕು ಅರ್ಜಿ ಕೊಟ್ಟೆ. ಕಿವುಡನಿಗೆ ಏನು ಕೇಳಿಸ್ತು ಅಂತ ನಕ್ಕರು. ನಗಲಿ. ಇಪ್ಪತ್ತು ವರ್ಷದ ಹಿಂದೆ ನನ್ನ ಮಾತು ನಂಬಿದ್ರು. ಆಗಲೇ ನಂಬಬಾರದಿತ್ತು."

ಆಗ ಟೊಳ್ಳಾಗಿದ್ದದ್ದು ಇಲ್ಲಿಂದ ನೇರ ಕೆಳಕ್ಕೆ ನಾಲ್ಕು ಬೀದಿ ಇಳಿದರೆ ಸಿಗುವ ಮೂಲೆಯ ಚೌಕ. ಅವಸರವೇ ಎಂದು ಮೇಲಿನವರು ಕೇಳಿದರು. ಅಜ್ಜ ಇದೇ ಅಂಕಿಗಳನ್ನು ಹಾಕಿ ನೋಡಿದರು. ಅಂಚು ಹಿಡಿದು ಅಲ್ಲಿ ಹಾಯುವುದು ಎಪ್ಪತ್ತರಲ್ಲಿ ಒಂದೇ ದಾರಿ. ರಿಪೇರಿ ಮುಂದಿನ ತಿಂಗಳಾದರೆ ಸಾಕು ಎಂದು ಬರೆದುಕೊಟ್ಟರು.

"ಆ ಒಂದು ದಾರೀಲಿ ದಿನಾ ಹೋಗ್ತಿದ್ದೋಳು ನನ್ನ ತಂಗಿ. ಅದೇ ಶಾಲೆ ಟೀಚರು. ಒಳಬೀದಿ ನಾಯಿಗಳಿಗೆ ಹೆದರಿ ಅಂಚು ಬಿಟ್ಟು ಬರ್ತಿರಲಿಲ್ಲ. ನಂಗೆ ಗೊತ್ತಿತ್ತು. ಬರೆಯುವಾಗ ಹೊಳೀಲಿಲ್ಲ. ತಿಂಗಳು ತುಂಬೋ ಮುಂಚೆ ನೆಲ ಕುಸಿದು ಅವಳನ್ನ ನುಂಗ್ತು. ದಾರಿ ಎಣಿಸಿದೆ ಕಣಮ್ಮ, ಕಾಲು ಎಣಿಸಲಿಲ್ಲ."

ಆ ಚೌಕ ತಾಯಿ ಕಂಡದ್ದೇ. ಅಲ್ಲಿಯ ಡಾಂಬರು ಮಾತ್ರ ಬೇರೆ ಕಪ್ಪು. ಯಾಕೆಂದು ಅವಳು ಯಾರನ್ನೂ ಕೇಳಿರಲಿಲ್ಲ.

ಬೆಳಕಿರುವಾಗಲೇ ಇಬ್ಬರೂ ನಡುವಿನ ಚೌಕಕ್ಕೆ ಹೋದರು. ಅಜ್ಜ ಕಲ್ಲಿನ ಅಂಚಿಗೆ ಒಂದು ಚೊಂಬು ನೀರು ಹುಯ್ದರು. ನೀರು ಹರಡಲಿಲ್ಲ; ಬಾಯಾರಿದವರ ಗಂಟಲಿಗಿಳಿದಂತೆ ಇಳಿದುಹೋಯಿತು. ದೂರದಿಂದ ಕೈ ಚಾಚಿ ಕಲ್ಲಿಗೆ ಸರಳು ತಾಗಿಸಿ, "ಕೇಳು" ಎಂದರು.

ಕಬ್ಬಿಣ ಅವಳ ಕಿವಿಗೆ ತಣ್ಣಗಿತ್ತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಏನೋ ಕಳಚಿ ಉರುಳಿತು. ಬಹಳ ಹೊತ್ತಿನ ಮೇಲೆ ತಳ ಮುಟ್ಟಿತು. ಅಷ್ಟರಲ್ಲಿ ಇನ್ನೊಂದು ಕಳಚಿತು.

"ನೀರಿನ ಸದ್ದಾ?" ಅಜ್ಜ ಅವಳ ಮುಖವನ್ನೇ ನೋಡುತ್ತಿದ್ದರು. "ನಿಜ ಹೇಳು. ಈ ಕಿವಿ ಹೋಗಿ ಆರು ತಿಂಗಳಾಯ್ತು. ಸರಳಿನ ನಡುಕ ಹಲ್ಲಿಗೆ ತಾಗುತ್ತೆ, ಅಷ್ಟೇ."

"ನೀರಲ್ಲ ಅಜ್ಜ. ಮಣ್ಣು ಉದುರ್ತಿದೆ."

ಅವರು ಪಕ್ಕದ ಜಗಲಿಯ ಮೇಲೆ ಮೆಲ್ಲಗೆ ಕೂತರು.

"ನಾಳೆ ಕಚೇರಿಗೆ ನಾನೇ ಹೋಗ್ತೀನಿ," ಎಂದಳು. "ನನ್ನ ಕಿವಿ ನೆಟ್ಟಗಿದೆ. ನಗಲಿ ನೋಡೋಣ."

"ಹೋಗು. ಆದ್ರೆ ಕಚೇರಿ ಬಾಗಿಲು ತೆಗೆಯೋದು ಹತ್ತಕ್ಕೆ. ಶಾಲೆ ಗಂಟೆ ಎಂಟೂವರೆಗೆ." ಅಜ್ಜ ಸರಳನ್ನು ಅವಳ ಕೈಯಲ್ಲಿಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಿದರು. "ಹಗ್ಗ ಕಟ್ಟಿದ್ದೆ, ಗಾಡಿಗೆ ಅಡ್ಡ ಅಂತ ಅಂಗಡಿಯವನು ಬಿಚ್ಚಿ ಎಸೆದ. ನಾನು ನಿಂತ್ರೆ ಮಕ್ಕಳು ನಕ್ಕು ಪಕ್ಕದಲ್ಲೇ ನುಸುಳ್ತವೆ. ಅಮ್ಮ ನಿಂತಿದ್ರೆ ತಿರುಗ್ತವೆ. ಒಂದು ಉಪಕಾರ ಮಾಡು ತಾಯಿ. ನಾಳೆ ಏಳೂವರೆಗೆಲ್ಲ ಇದನ್ನ ಹಿಡ್ಕೊಂಡು ಇಲ್ಲಿ ನಿಂತ್ಕೋ. ಇನ್ನೂ ಮೂವತ್ನಾಲ್ಕು ದಾರಿ ಇದೆ, ಒಂದೂ ಉದ್ದ ಅಲ್ಲ ಅಂತ ಅವಕ್ಕೆ ಹೇಳು. ನೀನೂ ಅಷ್ಟೆ, ಕಲ್ಲಿಗಿಂತ ಈಚೆಗೇ ನಿಲ್ಲು."