ರೈಟ್ ಅಣ್ಣ ಬಿಟ್ಟ ಮಾತು

ಬಸ್ಸು ನಿಲ್ಲಬೇಕಾದರೆ ‘ಹೋಲ್ಡಾನ್’, ಹೊರಡಬೇಕಾದರೆ ‘ರೈಟ್’. ಈ ಎರಡು ಮಾತುಗಳ ಮೇಲೆ ಆ ಕಂಡಕ್ಟರನ ಬದುಕು ಉರುಳುತ್ತಿತ್ತು. ಎರಡನೆಯದನ್ನು ಅವನು ರಾಗವಾಗಿ ಎಳೆಯುತ್ತಿದ್ದುದರಿಂದ ಊರೆಲ್ಲ ಅವನನ್ನು ರೈಟ್ ಅಣ್ಣನೆಂದೇ ಕರೆಯುತ್ತಿತ್ತು. ಹುಟ್ಟುಹೆಸರು ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ಆಸ್ಪತ್ರೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕನೊಬ್ಬಳು ದಿನವೂ ನೀರಿನ ಟ್ಯಾಂಕಿನ ತಿರುವಿನಲ್ಲಿ ಕೈ ಎತ್ತುತ್ತಿದ್ದಳು. ಅಲ್ಲಿ ನಿಲ್ದಾಣವಿರಲಿಲ್ಲ. ನಿಲ್ದಾಣವಿದ್ದುದು ಏರುದಾರಿಯ ತುದಿಯಲ್ಲಿ. ಅವಳ ಮಂಡಿಯೋ ಸವೆದುಹೋಗಿತ್ತು. ರೈಟ್ ಅಣ್ಣ ಹೋಲ್ಡಾನ್ ಎನ್ನುತ್ತಿದ್ದ, ಅವಳು ಹತ್ತುತ್ತಿದ್ದಳು.

ಆಮೇಲೆ ಸರ್ಕಾರದ ಹೊಸ ನಿಯಮ ಬಂದಿತು. ನಿಲ್ದಾಣ ಬಿಟ್ಟು ಬೇರೆಲ್ಲೂ ಬಸ್ಸು ನಿಲ್ಲಕೂಡದು. ಜನ ಬೇಗ ಮನೆ ಸೇರಿ ಸಂತೋಷವಾಗಿರಲಿ. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ನಿಲ್ಲಿಸಿ ಸಿಕ್ಕಿಬಿದ್ದವರಿಗೆ ಅಮಾನತು.

ಮೊದಲ ಬೆಳಿಗ್ಗೆ ಅಕ್ಕ ಎಂದಿನಂತೆ ಕೈ ಎತ್ತಿದಳು. ಡ್ರೈವರ್ ವೇಗ ತಗ್ಗಿಸಿ ಕನ್ನಡಿಯಲ್ಲಿ ನೋಡಿದ.

“ಏನಣ್ಣಾ, ನಿಲ್ಸೋದಾ? ನೀನೇ ಹೇಳ್ಬೇಕು.”

ನಾಲಿಗೆಯ ತುದಿಗೆ ಹೋಲ್ಡಾನ್ ಬಂದಿತ್ತು. ಬಾಯಿಂದ ಹೊರಟದ್ದು “ರೈಟ್”.

ಹಿಂದಿನ ಗಾಜಿನಲ್ಲಿ ಅವನು ನೋಡಿದ. ಎತ್ತಿದ ಕೈಯಿಂದ ಅಕ್ಕ ತಲೆಗೂದಲು ಸರಿಮಾಡಿಕೊಂಡಳು, ಕೈ ಎತ್ತಿದ್ದೇ ಅದಕ್ಕೆಂಬಂತೆ. ಅವನ ಮಾನ ಉಳಿಸಲೆಂದೇ ಹಾಗೆ ಮಾಡಿದಳೆಂದು ಅವನಿಗೆ ತಿಳಿಯಿತು. ಬೈದಿದ್ದರೆ ಎದೆ ಹಗುರಾಗುತ್ತಿತ್ತು.

ಅಂದು ಬಸ್ಸು ಬೇಗ ತಲುಪಿತು. ಇಳಿದವರೆಲ್ಲ ನಗುನಗುತ್ತ ಹೋದರು. ಮನೆಯಲ್ಲಿ ಹೆಂಡತಿಯೂ, “ಯಾರು ಮಾಡಿದ ನಿಯಮವೋ, ಅವರ ಹೊಟ್ಟೆ ತಣ್ಣಗಿರ್ಲಿ. ಬಿಸಿ ಊಟಕ್ಕೆ ಸಿಕ್ಕಿದ್ರಲ್ಲ ನೀವು” ಎಂದಳು. ಅವನು ಅರ್ಧಕ್ಕೇ ತಟ್ಟೆ ಸರಿಸಿ ಎದ್ದ.

ಮರುದಿನ ಅಕ್ಕ ಏರು ಹತ್ತಿ ನಿಲ್ದಾಣಕ್ಕೇ ಬಂದಿದ್ದಳು.

“ನಿನ್ ಬಸ್ಸಿಗೆ ರೆಕ್ಕೆ ಬಂದಿದೆಯಂತಲ್ಲ ರೈಟ್ ಅಣ್ಣ? ನನ್ ಮಂಡಿಗೂ ಒಂದು ಜೊತೆ ಮಾಡಿಸ್ಕೊಡು.”

“ನಿನ್ನೆ ನಾನು ನೋಡ್ಲಿಲ್ಲ ಅಕ್ಕಾ.”

“ಗೊತ್ತಪ್ಪ. ಕೂದಲು ಸರಿ ಮಾಡ್ಕೊಳ್ಳೋರನ್ನ ಯಾರು ನೋಡ್ತಾರೆ?”

ತಪ್ಪಾಯಿತೆನ್ನುವ ಬದಲು ಸುಳ್ಳು ಹೇಳಿದ್ದಾಗಿತ್ತು. ಅವನು ಎದ್ದು ತನ್ನ ಸೀಟು ಬಿಟ್ಟುಕೊಟ್ಟ. ಕೆಲವು ವಾರ ಅವಳು ಹೀಗೆಯೇ ಬಂದಳು, ಆಮೇಲೆ ಬರಲಿಲ್ಲ. ಏರು ಹತ್ತಲಾರದೆ ಕೆಲಸವನ್ನೇ ಬಿಟ್ಟಳೆಂದು ಅವಳ ಜೊತೆಗಾತಿ ಹೇಳಿದಳು.

ಅಂದಿನಿಂದ ಅವನ ಬಾಯಲ್ಲಿ ರೈಟ್ ಎಂಬ ಮಾತು ಬರಲಿಲ್ಲ. ಬಸ್ಸು ಹೊರಡಬೇಕಾದಾಗ ತಗಡಿಗೆ ಕೈಯಿಂದ ಬಡಿಯುತ್ತಿದ್ದ.

“ಅಣ್ಣಾ, ಹೆಸರಿಗಾದ್ರೂ ಒಂದ್ಸಲ ರೈಟ್ ಅನ್ನಿ” ಎಂದು ಜನ ಕೆಣಕಿದರೆ ನಕ್ಕು ಟಿಕೆಟ್ ಹರಿಯುತ್ತಿದ್ದ. ಟ್ಯಾಂಕಿನ ತಿರುವು ಬಂದಾಗ ಮಾತ್ರ ಹಿಂದಿನ ಗಾಜಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ.